ದೊಡ್ಡ ಜೇಡಕ್ಕೆ ಎಂಥ ಪೆಟ್ಟಿಗೆ?

ಸಂಡೂರಿನ ಗೃಹಿಣಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮಗ ಯುಗಾದಿಗೆಂದು ಊರಿಗೆ ಬಂದವನು ಒಂದು ಡಬ್ಬಿಯಲ್ಲಿ ಅಂಗೈ ಅಗಲದ, ಮೈತುಂಬ ರೋಮವಿರುವ, ಮೊಣಕಾಲು ಕೆಂಪಗಿರುವ ಜೇಡವೊಂದನ್ನು ತಂದು, ಇದು ಮೆಕ್ಸಿಕೋ ದೇಶದ್ದು, ಯಾರಿಗೂ ಏನೂ ಮಾಡುವುದಿಲ್ಲ, ಕೆಲವು ತಿಂಗಳು ನೋಡಿಕೋ ಅವ್ವಾ ಎಂದು ಹೇಳಿ ಹೊರಟುಹೋಗಿದ್ದಾನೆ. ಅತ್ತೆಯವರು ಅದನ್ನು ಕುಮಾರಸ್ವಾಮಿ ಬೆಟ್ಟದ ಕಡೆ ಬಿಟ್ಟು ಬಾ ಎನ್ನುತ್ತಿದ್ದಾರಂತೆ. ಆ ತಾಯಿ ಕೇಳಿರುವ ಪ್ರಶ್ನೆಗಳು ಮೂರು. ಲಿಂಗಪೂಜೆ ನಡೆಯುವ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಹುದೆ? ಇಟ್ಟುಕೊಂಡರೆ ಎಂಥ ಪೆಟ್ಟಿಗೆ ಬೇಕು? ಕಾಯಿಪಲ್ಲೆ ತಿನ್ನಿಸಿ ಅದನ್ನು ಸಾಕಬಹುದೆ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಜೇಡವು ಅಶುಭವೆಂಬ ಮಾತಿಗೆ ನಮ್ಮಲ್ಲಿ ಯಾವ ಆಧಾರವೂ ಇಲ್ಲ. ಶ್ರೀಕಾಳಹಸ್ತಿ ಎಂಬ ಕ್ಷೇತ್ರನಾಮದಲ್ಲಿಯೇ ಶಿವನನ್ನು ಪೂಜಿಸಿದ ಜೇಡ, ಹಾವು, ಆನೆಗಳ ಹೆಸರುಗಳು ಸೇರಿಕೊಂಡಿವೆ. ಕನ್ನಡದಲ್ಲಿ ಜೇಡ ಎಂದರೆ ನೇಯುವವನೆಂಬ ಅರ್ಥವೂ ಉಂಟು. ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಆದರೆ ಪುರಾಣದ ಜೇಡವನ್ನು ಯಾರೂ ಡಬ್ಬಿಯಲ್ಲಿ ಹಾಕಿ ತಂದಿರಲಿಲ್ಲ. ಅದು ತಾನಾಗಿಯೇ ಬಂದು, ತನಗೆ ಬೇಕಾದಲ್ಲಿ ಬಲೆ ನೇಯ್ದಿತು. ನಾವು ತಂದಿಟ್ಟ ಜೀವದ ವಿಷಯ ಬೇರೆ. ಅದರ ಅನ್ನ, ನೀರು, ನೆರಳು, ಎಲ್ಲವೂ ನಮ್ಮ ಹೊಣೆ.

ಈ ದೊಡ್ಡ ಜೇಡಗಳನ್ನು ಲೋಕವೆಲ್ಲ ಟರಾಂಟುಲಾ ಎಂದು ಕರೆಯುತ್ತದೆ. ಇಟಲಿಯ ತಾರಾಂತೊ ಎಂಬ ಊರಿನಿಂದ ಹುಟ್ಟಿದ ಈ ಹೆಸರು ಮೊದಲು ಬೇರೊಂದು ಜೇಡಕ್ಕೆ ಸಲ್ಲುತ್ತಿತ್ತು. ಇವು ನಮ್ಮ ನಾಡಿಗೆ ಹೊಸವಲ್ಲ. ಉತ್ತರ ಕನ್ನಡದ ಕಡೆ ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡಿಕೊಂಡು ಬಾಳುವ ದೊಡ್ಡ ಜೇಡಗಳಿವೆ. ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ಲು ದಾಟಿದರೆ ಸಿಗುವ ಗುತ್ತಿಯ ಹೆಸರಂತೂ ಜೇಡ ಸಾಕುವವರಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧ. ಲೋಹದಂತೆ ಹೊಳೆಯುವ ಗಾಢ ನೀಲಿಬಣ್ಣದ ಜೇಡವೊಂದು ಅಲ್ಲಿನ ರೈಲ್ವೆಯ ಮರದ ದಾಸ್ತಾನಿನಲ್ಲಿ ದೊರೆಯಿತು. 1899ರಲ್ಲಿ ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ಅದನ್ನು ವರ್ಣಿಸಿ, ಪೊಯಿಸಿಲೊಥೇರಿಯ ಮೆಟಾಲಿಕ ಎಂದು ಹೆಸರಿಟ್ಟರು. ಆ ಬಳಿಕ ನೂರು ವರ್ಷ ಅದು ಶಾಸ್ತ್ರಜ್ಞರ ಕಣ್ಣಿಗೆ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಅರಣ್ಯದಲ್ಲಿ ಅದರ ನಿಜವಾದ ಮನೆ ಪತ್ತೆಯಾಯಿತು. ಗುತ್ತಿಗೆ ಅದು ಸೌದೆಯೊಡನೆ ರೈಲೇರಿ ಬಂದಿದ್ದಿರಬೇಕೆಂದು ಈಗ ತಿಳಿಯಲಾಗಿದೆ. ಅದರ ವಾಸ ಹಳೆಯ ಮರಗಳ ಪೊಟರೆಯಲ್ಲಿ. ಅದು ಬದುಕಿರುವ ಕಾಡು 100 ಚದರ ಕಿಲೋಮೀಟರಿಗಿಂತ ಕಡಿಮೆ. ಮರ ಕಡಿದಂತೆ ಅದರ ಮನೆಯೂ ಹೋಗುತ್ತದೆ. 2008ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದನ್ನಿಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಜೇಡದ ಪೆಟ್ಟಿಗೆಯನ್ನು ಆರಿಸುವವರು ಅಂಗಡಿಯಲ್ಲಿ ಯಾವುದು ಚೆಂದವೆಂದು ನೋಡುತ್ತಾರೆ. ನೋಡಬೇಕಾದುದು ಆ ಜೇಡ ಕಾಡಿನಲ್ಲಿ ಎಲ್ಲಿ ಅಡಗುತ್ತಿತ್ತು ಎಂಬುದನ್ನು. ಗುತ್ತಿಯ ನೀಲಿ ಜೇಡದಂತೆ ಮರವೇರುವ ಜಾತಿಗೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ಪೆಟ್ಟಿಗೆ ಬೇಕು: ತಳ 8 ಅಂಗುಲ ಚಚ್ಚೌಕ, ಎತ್ತರ 12ರಿಂದ 16 ಅಂಗುಲ, ಒಳಗೆ ನೆಟ್ಟಗೆ ಒರಗಿಸಿದ ದಪ್ಪ ತೊಗಟೆ. ಅದರ ಬಾಗಿಲು ಪಕ್ಕದಲ್ಲಿದ್ದರೆ ಒಳ್ಳೆಯದು, ಏಕೆಂದರೆ ಅದು ಮುಚ್ಚಳದ ಅಡಿಯಲ್ಲಿಯೇ ಬಲೆ ಕಟ್ಟಿ ಕೂರುತ್ತದೆ. ಬಿಲ ತೋಡುವ ಜಾತಿಗೆ ಆಳವಾದ ಮಣ್ಣೇ ಮನೆ. ಅದಕ್ಕೆ ಒಂದು ಗೇಣು ಮಣ್ಣು ತುಂಬಿದರೂ ಹೆಚ್ಚಾಗದು. ಅದು ದಿನವಿಡೀ ಕಾಣಿಸುವುದೇ ಇಲ್ಲ ಎಂದು ದೂರುವವರು ಅಂಥ ಜೇಡವನ್ನು ತರಲೇಬಾರದು.

ಸಂಡೂರಿನ ಮನೆಗೆ ಬಂದಿರುವುದು, ಪತ್ರದಲ್ಲಿನ ವರ್ಣನೆಯಿಂದ ನೋಡಿದರೆ, ಬ್ರಾಕಿಪೆಲ್ಮಾ ಎಂಬ ಕುಲದ ನೆಲವಾಸಿ ಜೇಡ. ಮೆಕ್ಸಿಕೋದ ಪಶ್ಚಿಮ ಕರಾವಳಿಯ ಕುರುಚಲು ಕಾಡಿನಲ್ಲಿ ಬಂಡೆಯ ಅಡಿ, ಬೇರಿನ ಸಂದಿ ಅದರ ಠಾವು. ಕಾಲು ಚಾಚಿದರೆ 5 ಅಂಗುಲವಿರುವ ಜೇಡಕ್ಕೆ ಉದ್ದ 15 ಅಂಗುಲ, ಅಗಲ 10 ಅಂಗುಲವಿರುವ ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಸಾಕು. ಎತ್ತರದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ನೆಲದ ಜೇಡವೂ ಗಾಜಿನ ಗೋಡೆ ಹತ್ತುತ್ತದೆ. ಆದರೆ ಅದರ ಹಿಂಭಾಗದ ಹೊಟ್ಟೆ ತೆಳುವಾದ ಚೀಲದಂತಿದ್ದು, ಒಂದಡಿ ಎತ್ತರದಿಂದ ಬಿದ್ದರೂ ಒಡೆದು ಪ್ರಾಣ ಹೋಗಬಹುದು. ಆದುದರಿಂದ ಮಣ್ಣಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ 6 ಅಂಗುಲಕ್ಕಿಂತ ಹೆಚ್ಚು ಅಂತರವಿರಕೂಡದು. ಎತ್ತರದ ಮೀನಿನ ತೊಟ್ಟಿಯೇ ಮನೆಯಲ್ಲಿದ್ದರೆ, ಮಣ್ಣನ್ನು ಹೆಚ್ಚು ತುಂಬಿ ಅಂತರವನ್ನು ಇಳಿಸತಕ್ಕದ್ದು.

ಮಣ್ಣೆಂದರೆ ಹೊಲದ ಮಣ್ಣು ಬೇಡ. ಅದರಲ್ಲಿ ಕೀಟನಾಶಕದ ಶೇಷವಿರುತ್ತದೆ. ತೋಟಗಾರರಲ್ಲಿ ಸಿಗುವ ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ಒಣಗಿಸಿ, ಒತ್ತಿ ತುಂಬಿದರೆ ಸಾಕು. ಜಲ್ಲಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ಕಿನ ಕೋಟೆಕೊತ್ತಲ, ಇವೆಲ್ಲ ನೋಡುವವರ ಆಸೆಗೆ. ಅಡಗಿಕೊಳ್ಳಲು ಅಂಚು ಉಜ್ಜಿ ನುಣುಪು ಮಾಡಿದ ಅರ್ಧ ಹೂಕುಂಡ ಇಲ್ಲವೆ ತೆಂಗಿನ ಕರಟವನ್ನು ಮಣ್ಣಿನಲ್ಲಿ ಅರೆಹೂತು ಇಟ್ಟರೆ, ಪೇಟೆಯ ಯಾವ ಗುಹೆಯೂ ಅದಕ್ಕೆ ಸಮವಲ್ಲ. ನೀರಿಗೆ ಬಾಟಲಿಯ ಮುಚ್ಚಳದಂಥ ತಗ್ಗು ಬಟ್ಟಲು. ಅದರಲ್ಲಿ ಸ್ಪಂಜು ಇಡುವ ಪದ್ಧತಿ ಹಿಂದೆ ಇತ್ತು. ಅದು ಕೊಳೆತು ನಾರುವುದರಿಂದ ಬಲ್ಲವರು ಈಗ ಬಿಟ್ಟಿದ್ದಾರೆ.

ಗಾಳಿಗಾಗಿ ಕಬ್ಬಿಣದ ಜಾಲರಿಯ ಮುಚ್ಚಳ ಹಾಕುವವರಿದ್ದಾರೆ. ಜೇಡದ ಪಾದದ ತುದಿಯ ಉಗುರುಗಳು ಜಾಲರಿಗೆ ಸಿಕ್ಕಿಕೊಂಡು ಅದು ತೂಗಾಡಿ ಕಾಲು ಕಳೆದುಕೊಳ್ಳುತ್ತದೆ. ಅದರ ಬದಲು ಪೆಟ್ಟಿಗೆಯ ಎರಡು ಎದುರುಬದುರು ಪಕ್ಕಗಳಲ್ಲಿ ಸಣ್ಣ ರಂಧ್ರಗಳಿದ್ದರೆ ಗಾಳಿ ಅಡ್ಡವಾಗಿ ಹಾಯುತ್ತದೆ. ಮುಚ್ಚಳಕ್ಕೆ ಚಿಲಕ ಕಡ್ಡಾಯ. ಮನೆಯಲ್ಲಿ ಮಕ್ಕಳಿದ್ದರೆ ಬೀಗವೇ ಇರಲಿ.

ಪೆಟ್ಟಿಗೆಯನ್ನು ಇಡುವ ಜಾಗದ ವಿಷಯದಲ್ಲಿ ವಿದೇಶದ ಪುಸ್ತಕಗಳ ಸಲಹೆ ನಮ್ಮ ಸೀಮೆಗೆ ಒಪ್ಪುವುದಿಲ್ಲ. ಶೀತದೇಶದವರು ಪೆಟ್ಟಿಗೆಗೆ ಕಾವು ಕೊಡುವ ಬಗೆಯನ್ನು ಬರೆದಿದ್ದಾರೆ. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ಮುಟ್ಟುವಾಗ ನಮಗೆ ಬೇಕಾದುದು ತಂಪು. ಬಿಸಿಲು ಬೀಳುವ ಕಿಟಕಿಯ ಬಳಿ ಗಾಜಿನ ಪೆಟ್ಟಿಗೆ ಇಟ್ಟರೆ ಅರ್ಧ ತಾಸಿನಲ್ಲಿ ಅದು ಒಲೆಯಾಗುತ್ತದೆ. ಮನೆಯ ನಡುವಿನ, ಗೋಡೆ ದಪ್ಪವಿರುವ ಕೋಣೆಯೇ ಮೇಲು. ಜೇಡಕ್ಕೆ ಕಣ್ಣು ಎಂಟಿದ್ದರೂ ಲೋಕವೆಲ್ಲ ತಿಳಿಯುವುದು ಕಾಲಿಗೆ ತಾಗುವ ಕಂಪನದಿಂದ. ಅದಿರಿನ ಲಾರಿಗಳು ಹಾಯುವ ರಸ್ತೆಯ ಬದಿಯ ಕೋಣೆ, ಮಿಕ್ಸರು ತಿರುಗುವ ಅಡುಗೆಕಟ್ಟೆ, ಫ್ರಿಜ್ಜಿನ ತಲೆ, ಇವು ಅದಕ್ಕೆ ಸಲ್ಲವು. ದೇವರ ಕೋಣೆಯೂ ಬೇಡ; ಮೈಲಿಗೆಯೆಂದಲ್ಲ, ಊದುಬತ್ತಿಯ ಹೊಗೆಯಿಂದ ಅದಕ್ಕೆ ಉಸಿರು ಕಟ್ಟುತ್ತದೆ. ಸೊಳ್ಳೆ ಬತ್ತಿ, ಜಿರಲೆಗೆ ಸಿಂಪಡಿಸುವ ಔಷಧ, ಇರುವೆಗೆ ಎಳೆಯುವ ವಿಷದ ಸೀಮೆಸುಣ್ಣ, ಇವು ಜೇಡಕ್ಕೂ ವಿಷವೇ. ಇರುವೆಗಳಂತೂ ಪೊರೆ ಬಿಟ್ಟು ಮೆತ್ತಗಿರುವ ಜೇಡವನ್ನು ಜೀವಂತ ತಿನ್ನಬಲ್ಲವು. ನಮ್ಮ ಹಿರಿಯರು ಹಾಲು ಬೆಣ್ಣೆಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಲ್ಲ, ಜೇಡದ ಮೇಜಿಗೂ ಅದೇ ಉಪಾಯ ಸಾಕು.

ಇನ್ನು ಕಾಯಿಪಲ್ಲೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಇದು ಎಲ್ಲಕ್ಕಿಂತ ಕಠಿಣವಾದುದು. ಲೋಕದಲ್ಲಿ ಶಾಸ್ತ್ರಜ್ಞರು ಹೆಸರಿಸಿದ ಜೇಡಗಳು 50,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಸಸ್ಯಾಹಾರದಿಂದಲೇ ಬದುಕುವುದೆಂದು ತಿಳಿದಿರುವುದು ಮಧ್ಯ ಅಮೆರಿಕೆಯ ಒಂದು ಪುಟ್ಟ ನೆಗೆಯುವ ಜೇಡ ಮಾತ್ರ. ಜಾಲಿಯ ಜಾತಿಯ ಗಿಡದ ಚಿಗುರಿನ ತುದಿಗಳನ್ನು ಅದು ತಿನ್ನುತ್ತದೆಂದು 2009ರಲ್ಲಿ ಪ್ರಕಟವಾಯಿತು. ಟರಾಂಟುಲಾ ಹಾಗಲ್ಲ. ಅದಕ್ಕೆ ಜೀವಂತ ಮಿಡತೆ, ಚಿಮ್ಮಂಡೆ, ಜಿರಲೆಗಳೇ ಆಹಾರ. ಬೆಳೆದ ಜೇಡಕ್ಕೆ ವಾರಕ್ಕೊಂದು ಹುಳು ಸಾಕು, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುತ್ತದೆ. ಆದರೂ ಆ ಒಂದು ಹುಳುವನ್ನು ಕೈಯಾರೆ ಹಾಕುವವರು ಯಾರು? ಮನೆಯ ಜಿರಲೆ ಹಿಡಿದು ಹಾಕಿದರೆ ಅದು ವಿಷ ತಿಂದದ್ದಿರಬಹುದು. ಆದ್ದರಿಂದ ಹುಳುಗಳನ್ನು ಬೇರೊಂದು ಡಬ್ಬಿಯಲ್ಲಿ ಸಾಕಬೇಕಾಗುತ್ತದೆ. ಜೇಡ ಹುಳು ತಿನ್ನುವುದರಲ್ಲಿ ಅದರ ತಪ್ಪೇನೂ ಇಲ್ಲ, ಅದು ಅದರ ಹುಟ್ಟುಗುಣ. ಹುಳು ಹಾಕಲು ಮನಸ್ಸೊಪ್ಪದ ತಾಯಿಯ ಮೇಲೆ ಈ ಕೆಲಸ ಹೊರಿಸಿ ಹೋದ ಮಗನದೇ ತಪ್ಪೆಂದು ನಾವು ಹೇಳುತ್ತೇವೆ. ಹಸಿವಿಗೆ ಬಿಟ್ಟು ಕೊಲ್ಲುವುದು ಹುಳು ಹಾಕುವುದಕ್ಕಿಂತ ದೊಡ್ಡ ಹಿಂಸೆ. ಆದಕಾರಣ, ಇದು ತನ್ನಿಂದಾಗದೆಂದು ಆ ತಾಯಿ ಮಗನಿಗೆ ನೇರವಾಗಿ ತಿಳಿಸಿ, ಅವನೇ ಬಂದು ಒಯ್ಯುವಂತೆ ಮಾಡುವುದು ನ್ಯಾಯ.

ಕೆಲವು ತಿಂಗಳು ಎಂದ ಮಗನಿಗೆ ಇನ್ನೊಂದು ಸಂಗತಿ ತಿಳಿದಿದೆಯೋ ಇಲ್ಲವೋ. ಈ ಜಾತಿಯ ಹೆಣ್ಣು ಜೇಡ 20 ವರ್ಷ ದಾಟಿಯೂ ಬದುಕುತ್ತದೆ. ಗಂಡಾದರೆ ಬೆಳೆದು ಪ್ರಾಯಕ್ಕೆ ಬಂದ ಮೇಲೆ ಬಹಳ ಕಾಲ ಬಾಳದು. ಅವನ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗುವಾಗಲೂ ಈ ಪೆಟ್ಟಿಗೆ ಮನೆಯಲ್ಲಿರಬಹುದು.

ಯಾರಿಗೂ ಏನೂ ಮಾಡುವುದಿಲ್ಲ ಎಂಬ ಮಾತೂ ಅರ್ಧ ಸತ್ಯ. ಅಮೆರಿಕ ಖಂಡದ ಜೇಡಗಳು ಕಚ್ಚುವುದು ಅಪರೂಪ; ಆದರೆ ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ರೋಮಗಳನ್ನು ಕೆರೆದು ಗಾಳಿಗೆ ತೂರುತ್ತವೆ. ಅವು ಚರ್ಮಕ್ಕೆ ನವೆ ತರುತ್ತವೆ, ಕಣ್ಣಿಗೆ ಬಿದ್ದರೆ ನೇತ್ರವೈದ್ಯರಲ್ಲಿಗೆ ಹೋಗಬೇಕಾಗುತ್ತದೆ. ನಮ್ಮ ದೇಶದ ಜೇಡಗಳಿಗೆ ಆ ರೋಮಗಳಿಲ್ಲ, ಬದಲಾಗಿ ಕಡಿತ ಜೋರು. ಗುತ್ತಿಯ ಜೇಡದ ಕುಲದವು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ದಿನಗಟ್ಟಲೆ ಇರುತ್ತವೆ. ಯಾವುದನ್ನೂ ಕೈಮೇಲೆ ಹರಿದಾಡಿಸತಕ್ಕದ್ದಲ್ಲ. ಅದರಿಂದ ಜೇಡಕ್ಕೆ ಯಾವ ಸುಖವೂ ಇಲ್ಲ.

ಅತ್ತೆಯವರ ಸಲಹೆಯಲ್ಲಿ ಕರುಣೆಯಿದೆ, ಆದರೆ ಅದನ್ನು ಪಾಲಿಸಕೂಡದು. ಪರದೇಶದ ಜೇಡ ಸಂಡೂರಿನ ಗುಡ್ಡದಲ್ಲಿ ಸತ್ತರೆ ನಮಗೆ ಪಾಪ, ಬದುಕಿ ಸಂತಾನ ಬೆಳೆಸಿದರೆ ಅಲ್ಲಿನ ಜೀವಿಗಳಿಗೆ ಕಂಟಕ. ಅಮೆರಿಕೆಯ ಫ್ಲಾರಿಡಾದಲ್ಲಿ ಮೆಕ್ಸಿಕೋದ ಇಂಥದೇ ಒಂದು ಜೇಡ ಹೊರಬಿದ್ದು ನೆಲೆಯೂರಿರುವುದು 1990ರ ದಶಕದಲ್ಲಿಯೇ ಕಂಡುಬಂದಿದೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ಬ್ರಾಕಿಪೆಲ್ಮಾ ಕುಲವು ಬಹುಕಾಲದಿಂದ, ಗುತ್ತಿಯ ಜೇಡದ ಕುಲವು 2019ರ ಜಿನೀವಾ ಸಮ್ಮೇಳನದ ನಿರ್ಣಯದಿಂದ, ಸೈಟಿಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಣದಲ್ಲಿವೆ. 2021ರ ಜುಲೈಯಲ್ಲಿ ಪೋಲೆಂಡಿನಿಂದ ಬಂದ ಅಂಚೆಯ ಕಟ್ಟೊಂದನ್ನು ಚೆನ್ನೈಯ ಸುಂಕದ ಅಧಿಕಾರಿಗಳು ಬಿಚ್ಚಿದಾಗ, ಹತ್ತಿಯಲ್ಲಿ ಸುತ್ತಿದ 107 ಪುಟ್ಟ ಶೀಷೆಗಳಲ್ಲಿ ಜೀವಂತ ಜೇಡಗಳಿದ್ದವು. ಬೆರಳು ಗಾತ್ರದ ಶೀಷೆಯಲ್ಲಿ ಸಾವಿರಾರು ಮೈಲಿ! ನಮ್ಮ ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಒಪ್ಪಂದದ ಪಟ್ಟಿಯ ಪ್ರಾಣಿಗಳನ್ನು ಸಾಕುವವರು ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದಿವೆ. ಮಗನು ಮಾರಿದವರಿಂದ ಪಡೆದ ಕಾಗದಪತ್ರಗಳೇನು, ನೋಂದಣಿ ಆಗಿದೆಯೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇಲ್ಲವಾದರೆ ಅಡಗಿಸಿಡದೆ ಅರಣ್ಯ ಇಲಾಖೆಯ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಅವರು ಹೇಳಿದಂತೆ ನಡೆಯತಕ್ಕದ್ದು. ನಮ್ಮ ಕಾಡಿನ ಜೇಡವನ್ನು ಹಿಡಿದು ತಂದು ಸಾಕುವ ಯೋಚನೆಯನ್ನಂತೂ ಯಾವ ತರುಣನೂ ಮಾಡದಿರಲಿ.

ಇದೆಲ್ಲ ಇತ್ಯರ್ಥವಾಗುವ ತನಕ ಆ ಜೀವ ಸಂಡೂರಿನ ಮನೆಯಲ್ಲಿಯೇ ಇರುವುದರಿಂದ ಒಂದು ವಿಷಯ ತಾಯಂದಿರಿಗೆ ತಿಳಿದಿರಬೇಕು. ಒಂದು ದಿನ ಜೇಡ ಬೆನ್ನಡಿಯಾಗಿ, ಕಾಲು ಮೇಲೆ ಮಾಡಿ, ಅಲುಗದೆ ಬಿದ್ದಿರುವುದು ಕಂಡೀತು. ಸತ್ತಿತೆಂದು ಎತ್ತಿ ಎಸೆಯಬಾರದು. ಅದು ಪೊರೆ ಬಿಡುತ್ತಿರುತ್ತದೆ. ಸತ್ತ ಜೇಡ ಸಾಮಾನ್ಯವಾಗಿ ಕಾಲುಗಳನ್ನು ಮೈಯಡಿಗೆ ಮಡಚಿಕೊಂಡು ಬಿದ್ದಿರುತ್ತದೆ, ಅಂಗಾತ ಮಲಗುವುದಿಲ್ಲ. ಪೊರೆ ಬಿಡಲು ಹಲವು ತಾಸು ಹಿಡಿಯಬಹುದು. ಆಗ ಪೆಟ್ಟಿಗೆಯನ್ನು ಮುಟ್ಟದೆ, ಒಳಗೆ ಹುಳುವಿದ್ದರೆ ಮೆಲ್ಲನೆ ತೆಗೆದು, ನೀರಿನ ಬಟ್ಟಲು ತುಂಬಿದೆಯೆ ಎಂದಷ್ಟೇ ನೋಡಬೇಕು. ಹೊಸ ಕೋರೆಗಳು ಮೊದಲು ಬೆಳ್ಳಗೆ ಮೆತ್ತಗಿದ್ದು, ಕಪ್ಪಾಗಿ ಗಟ್ಟಿಯಾಗಲು ವಾರ ಹತ್ತು ದಿನ ಬೇಕು. ಅಲ್ಲಿಯವರೆಗೆ ಆಹಾರ ಹಾಕಕೂಡದು.