ಕೇರೆ ಕಚ್ಚಿದರೆ ಯಾವ ಕಲ್ಲಾದರೂ ನಡೆಯುತ್ತದೆ

ಹಾವು ಕಚ್ಚಿದವರಿಗೆ ‘ವಿಷಕಲ್ಲು’ ಇಟ್ಟು ನೂರಾರು ಮಂದಿಯನ್ನು ಉಳಿಸಿದ ನಾಟಿವೈದ್ಯರ ಕುರಿತ ಕಳೆದ ವಾರದ ಲೇಖನ ಓದಿದೆ. ಅಷ್ಟು ಮಂದಿ ಉಳಿದದ್ದು ನಿಜವೇ ಇರಬಹುದು. ಆದರೆ ಅವರನ್ನು ಕಚ್ಚಿದ್ದು ಯಾವ ಹಾವು? ಲೇಖಕರು ಕೇಳಿಲ್ಲ. ನಮ್ಮ ಗದ್ದೆ, ಹಿತ್ತಲಿನ ಬಹುಪಾಲು ಹಾವುಗಳಿಗೆ ಪ್ರಾಣ ತೆಗೆಯುವ ವಿಷವಿಲ್ಲ. ನಾಗರವೂ ಕೆಲವೊಮ್ಮೆ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಅಂಥ ಗಾಯಕ್ಕೆ ಹುರಿಗಡಲೆ ಅಂಟಿಸಿದರೂ ರೋಗಿ ನಡೆದೇ ಮನೆಗೆ ಹೋಗುತ್ತಾನೆ.

ಆ ಕಲ್ಲು ಹೆಚ್ಚಾಗಿ ಸುಟ್ಟ ದನದ ಮೂಳೆ. ಒದ್ದೆ ಗಾಯಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ.

ಕಟ್ಟುಹಾವಿನದಂತೂ ಮೋಸದ ಕಡಿತ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವು, ಬಾವು ಹೆಚ್ಚಾಗಿ ಇರುವುದೇ ಇಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ‘ಬಾವು ಬಂದಿಲ್ಲ, ಕಲ್ಲು ವಿಷ ಹೀರಿತು’ ಎಂಬ ಸಮಾಧಾನ ಕೊಲ್ಲುವುದು ಇಲ್ಲೇ. ಇನ್ನು ಕೊಳಕುಮಂಡಲದ ವಿಷವೇರಿದರೆ ರಕ್ತ ಹೆಪ್ಪುಗಟ್ಟದು. ಕಲ್ಲು ಅಂಟಿಸಲೆಂದು ಅಂಥವರ ಕಾಲನ್ನು ಬ್ಲೇಡಿನಿಂದ ಗೀರುವುದೆಂದರೆ!

ಆಸ್ಪತ್ರೆ ದೂರ, ವಾಹನ ಸಿಗುವುದಿಲ್ಲ ಎಂಬ ಲೇಖಕರ ದೂರು ಸರಿಯೇ. ಹಾಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ ಇಡಿ ಎಂದು ಜಗಳ ತೆಗೆಯಬೇಕಿತ್ತು. ಇನ್ನು ಸತ್ತವರ ಲೆಕ್ಕ. 2024ರಲ್ಲಿ ಕರ್ನಾಟಕ ಹಾವು ಕಡಿತದ ವರದಿಯನ್ನು ಕಡ್ಡಾಯ ಮಾಡಿತು. ನಾಟಿವೈದ್ಯರ ಜಗಲಿಯಲ್ಲೇ ಸತ್ತವರು ಆ ಲೆಕ್ಕಕ್ಕೆ ಸಿಗುವುದು ಹೇಗೆ? ಲೇಖಕರ ನೂರಾರು ಮಂದಿಯಲ್ಲಂತೂ ಅವರಿಲ್ಲ.