ಲೂಟೀನ್ ಕ್ಯಾಪ್ಸೂಲ್: ಲೇಬಲ್ಲಿನ ಅಂಕಿ, ಲ್ಯಾಬಿನ ಅಂಕಿ

ಕಣ್ಣಿಗೆ ಒಳ್ಳೆಯದೆಂದು ಔಷಧಿ ಅಂಗಡಿಗಳಲ್ಲಿ ಮಾರುವ ಲೂಟೀನ್ ಕ್ಯಾಪ್ಸೂಲಿನ ಮೂಲ ಬಹುಮಟ್ಟಿಗೆ ಚೆಂಡುಹೂವು. ಗುಂಡ್ಲುಪೇಟೆಯ ಹೊಲಗಳಲ್ಲಿ ಕಂಪನಿಗಳೊಂದಿಗಿನ ಒಪ್ಪಂದದ ಮೇಲೆ ಬೆಳೆಯುವ ಈ ಹೂವು ದೇವರ ಮುಡಿ ಸೇರುವುದಿಲ್ಲ. ಕಾರ್ಖಾನೆಯಲ್ಲಿ ಒಣಗಿ, ಪುಡಿಯಾಗಿ, ಹೆಕ್ಸೇನ್‌ ದ್ರಾವಕಕ್ಕೆ ತನ್ನ ಬಣ್ಣ ಬಿಟ್ಟುಕೊಟ್ಟು ಓಲಿಯೋರೆಸಿನ್ ಎಂಬ ಗಾಢವರ್ಣದ ಅಂಟಾಗುತ್ತದೆ. ಮೊಟ್ಟೆಯ ಭಂಡಾರಕ್ಕೆ ರಂಗೇರಿಸಲು ಕೋಳಿ ಆಹಾರಕ್ಕೆ ಬೆರೆಯುವುದೂ ಇದೇ, ಶುದ್ಧಗೊಂಡು ಕ್ಯಾಪ್ಸೂಲ್ ಸೇರುವುದೂ ಇದೇ.

ಹೂವಿನಲ್ಲಿ ಲೂಟೀನ್ ಬಿಡಿಯಾಗಿ ಇರುವುದಿಲ್ಲ. ಕೊಬ್ಬಿನ ಆಮ್ಲಗಳೊಂದಿಗೆ ಬೆಸೆದು ಎಸ್ಟರ್ ರೂಪದಲ್ಲಿರುತ್ತದೆ. ಲೇಬಲ್ಲಿನ ಗೊಂದಲ ಶುರುವಾಗುವುದು ಇಲ್ಲಿಂದಲೇ. ಬಿಡಿ ಲೂಟೀನಿನ ಅಣುತೂಕ ಸುಮಾರು 569, ಎರಡು ಪಾಮಿಟಿಕ್ ಆಮ್ಲ ಅಂಟಿಕೊಂಡ ಎಸ್ಟರಿನದು ಸುಮಾರು 1,046. ಹಾಗಾಗಿ '20 ಮಿ.ಗ್ರಾಂ ಲೂಟೀನ್ ಎಸ್ಟರ್' ಎಂದರೆ ನಿಜವಾದ ಲೂಟೀನ್ ಹೆಚ್ಚುಕಡಿಮೆ 11 ಮಿ.ಗ್ರಾಂ ಮಾತ್ರ. ದೊಡ್ಡಕ್ಷರದಲ್ಲಿ 20 ಎಂದು ಅಚ್ಚುಹಾಕಿ 'ಎಸ್ಟರ್' ಪದವನ್ನು ಮೂಲೆಗೆ ತಳ್ಳುವುದು ಕಾನೂನಿನ ಕಣ್ಣಿಗೆ ಸುಳ್ಳಲ್ಲದಿರಬಹುದು, ಕೊಳ್ಳುವವನ ಮಟ್ಟಿಗೆ ಮಾತ್ರ ಮೋಸಕ್ಕೆ ಹತ್ತಿರದ್ದು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ ಕೊಟ್ಟದ್ದು 10 ಮಿ.ಗ್ರಾಂ ಲೂಟೀನ್, 2 ಮಿ.ಗ್ರಾಂ ಜಿಯಾಜಾಂಥಿನ್ ಎಂಬ ಅದರ ಸೋದರ ವರ್ಣಕ. ಈ ಅಳತೆಗೆ ಹೋಲಿಸಬೇಕಾದದ್ದು ಎಸ್ಟರಿನ ತೂಕವನ್ನಲ್ಲ, ಬಿಡಿ ಲೂಟೀನಿನ ತೂಕವನ್ನು.

ಆ ಬಿಡಿ ಲೂಟೀನನ್ನು ಅಳೆಯಲು ಪ್ರಯೋಗಾಲಯದಲ್ಲಿ ಕ್ಯಾಪ್ಸೂಲಿನ ಒಳದ್ರವ್ಯವನ್ನು ದ್ರಾವಕದಲ್ಲಿ ಕರಗಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಸಾಬೂನೀಕರಣ ಮಾಡಿ ಕೊಬ್ಬಿನ ಆಮ್ಲಗಳನ್ನು ಬೇರ್ಪಡಿಸುತ್ತಾರೆ. ಬೆಳಕು, ಶಾಖ, ಆಮ್ಲಜನಕ ಮೂರೂ ಈ ವರ್ಣಕದ ವೈರಿಗಳು. ಆದ್ದರಿಂದ ಕೆಲಸ ಮಂದ ಬೆಳಕಿನಲ್ಲಿ, ಕಂದು ಗಾಜಿನ ಪಾತ್ರೆಗಳಲ್ಲಿ. ಅವಸರದ ಲ್ಯಾಬು ಇಲ್ಲೇ ಲೂಟೀನ್ ಕಳೆದುಕೊಂಡು ತಪ್ಪನ್ನು ತಯಾರಕರ ಮೇಲೆ ಹಾಕುವ ಸಾಧ್ಯತೆಯೂ ಉಂಟು.

ಅಳೆಯಲು ದಾರಿ ಎರಡು. ಸ್ಪೆಕ್ಟ್ರೋಫೋಟೋಮೀಟರ್ ಅಗ್ಗದ್ದು, ಬೇಗನೆ ಮುಗಿಯುತ್ತದೆ. ದ್ರಾವಣ 445 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಎಷ್ಟು ಹೀರಿತೆಂದು ನೋಡಿ ಲೆಕ್ಕ ಹೇಳುತ್ತದೆ. ಆದರೆ ಆ ಬೆಳಕನ್ನು ಹೀರುವುದು ಲೂಟೀನ್ ಒಂದೇ ಅಲ್ಲ. ಜಿಯಾಜಾಂಥಿನ್, ಬೀಟಾ ಕ್ಯಾರೋಟೀನ್, ಅಗ್ಗದ ಹಳದಿ ಬಣ್ಣ, ಎಲ್ಲವೂ ಅದೇ ಮೊತ್ತಕ್ಕೆ ಸೇರಿಬಿಡುತ್ತವೆ. ಎಚ್‌ಪಿಎಲ್‌ಸಿ ಯಂತ್ರ ದ್ರಾವಣವನ್ನು ಸ್ತಂಭದ ಮೂಲಕ ಹಾಯಿಸಿ ಒಂದೊಂದು ವರ್ಣಕವನ್ನೂ ಪ್ರತ್ಯೇಕಿಸುತ್ತದೆ. ಲೂಟೀನ್ ಮತ್ತು ಜಿಯಾಜಾಂಥಿನ್ ಒಂದೇ ಅಣುಸೂತ್ರದವು. ವ್ಯತ್ಯಾಸವೆಂದರೆ ಒಂದು ದ್ವಿಬಂಧದ ಸ್ಥಾನ. ತೂಕದಿಂದ ಗುರುತಿಸಲಾಗದ ಈ ಜೋಡಿಯನ್ನು ಸಿ-30 ಸ್ತಂಭ ಚೆನ್ನಾಗಿ ಬಿಡಿಸುತ್ತದೆ. ಹೋಲಿಕೆಗೆ ಬಳಸುವ ಶುದ್ಧ ಮಾದರಿಯೂ ಕೆಡುವಂಥದ್ದೇ ಆದ್ದರಿಂದ ಅದರ ಸಾಂದ್ರತೆಯನ್ನು ಮೊದಲು ಸ್ಪೆಕ್ಟ್ರೋಫೋಟೋಮೀಟರಿನಲ್ಲೇ ಖಚಿತಪಡಿಸಿಕೊಳ್ಳಬೇಕು; ಅಗ್ಗದ ಯಂತ್ರಕ್ಕೆ ಸರಿಯಾದ ಜಾಗ ಇದು.

ಪೂರಕ ಆಹಾರಗಳಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರಲ್ಲೇ ನಿಯಮ ರೂಪಿಸಿದೆ. ಆ ನಿಯಮದಡಿ ಲೇಬಲ್ಲಿನಲ್ಲಿ ಬಿಡಿ ಲೂಟೀನಿನ ತೂಕವನ್ನೇ ಮುಖ್ಯ ಅಂಕಿಯಾಗಿ ತೋರಿಸುವುದು, ಪರೀಕ್ಷಾ ವಿಧಾನವನ್ನು ನಮೂದಿಸುವುದು ಕಡ್ಡಾಯವಾದರೆ ತಯಾರಕರಿಗೆ ಆಗುವ ಹೊರೆ ಒಂದು ಸಾಲಿನ ಅಚ್ಚು ಮಾತ್ರ.

ಪರೀಕ್ಷೆಯ ದಿನವೂ ಮುಖ್ಯ. ದಾಸ್ತಾನಿನಲ್ಲಿ ಲೂಟೀನ್ ಕುಗ್ಗುತ್ತದೆಂದು ಗೊತ್ತಿರುವ ತಯಾರಕರು ಆರಂಭದಲ್ಲೇ ತುಸು ಹೆಚ್ಚಿಗೆ ತುಂಬುವುದುಂಟು. ಕಾರ್ಖಾನೆಯಿಂದ ಹೊರಟ ದಿನದ ವರದಿಯಲ್ಲಿ ಇದರಿಂದಾಗಿ ಅಂಕಿ ಸೊಗಸಾಗಿಯೇ ಕಾಣುತ್ತದೆ. ಅವಧಿ ಮುಗಿಯುವ ತಿಂಗಳಲ್ಲಿ, ಬೇಸಿಗೆಯ ಬಿಸಿಲು ಕಂಡ ಅಂಗಡಿಯ ಕಪಾಟಿನಿಂದ ತೆಗೆದ ಕ್ಯಾಪ್ಸೂಲನ್ನೂ ಅದೇ ವಿಧಾನದಲ್ಲಿ ಅಳೆದರೆ ಮಾತ್ರ, ಲೇಬಲ್ಲಿನ ಅಂಕಿ ಕೊನೆಯ ದಿನದವರೆಗೆ ಉಳಿಯಿತೋ ಇಲ್ಲವೋ ತಿಳಿಯುತ್ತದೆ.