ಪೆನ್ಸಿಲು ಯಾರ ಕೈಯಲ್ಲಿ?

ಭಾನುವಾರ ರಾತ್ರಿ ಊಟ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಅಪ್ಪಾ, ನಾಳೆಗೆ ಸೋಷಿಯಲ್ ಸ್ಟಡೀಸ್ ಬರೆದುಕೊಂಡು ಹೋಗಬೇಕು." ಲೆಕ್ಕ, ವಿಜ್ಞಾನವಾದರೆ ನಮಗೆ ಅಂಜಿಕೆಯಿಲ್ಲ. ಇಂಗ್ಲಿಷು, ಸಮಾಜಪಾಠ ಎಂದ ಕೂಡಲೇ "ಅಮ್ಮನನ್ನು ಕೇಳು" ಎಂದು ಜಾರಿಕೊಳ್ಳುತ್ತೇವೆ. ಇಲ್ಲವೇ ಪೆನ್ಸಿಲು ಕಿತ್ತುಕೊಂಡು ನಾವೇ ಬರೆದುಬಿಡುತ್ತೇವೆ.

ಈ ಎರಡನೆಯ ತಪ್ಪು ನಮ್ಮ ಮನೆಯಲ್ಲೇ ಆಯಿತು. ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠದಲ್ಲಿ ಮಗಳಿಗೆ 1781ರ ಯಾರ್ಕ್‌ಟೌನ್ ಕದನದ ಮೇಲೆ ಒಂದು ಪುಟ ಬರೆಯಲು ಹೇಳಿದ್ದರು. ರಾತ್ರಿ ಹತ್ತಾಗಿತ್ತು. ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ಗತ್ತಿನಲ್ಲಿ ನಾವೇ ಹೇಳಿ ಬರೆಸಿದೆವು. ಮುಂದಿನ ವಾರ ಹಾಳೆ ವಾಪಸು ಬಂತು. 'ಕಲರ್', 'ಹಾನರ್' ಪದಗಳಲ್ಲಿ ನಾವು ಸೇರಿಸಿದ್ದ 'ಯು' ಅಕ್ಷರಕ್ಕೆ ಕೆಂಪು ಗೆರೆ. ಅದಿರಲಿ, ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲೇ ಅದನ್ನು ಕೈಬಿಟ್ಟಿದ್ದ. ಆದರೆ ಕೆಳಗೆ ಟೀಚರು ಬರೆದಿದ್ದರು: "ಇದರಲ್ಲಿ ನಿನ್ನ ಅಭಿಪ್ರಾಯ ಯಾವುದು?" ತರಗತಿಯಲ್ಲಿ ವಿವರಿಸಲು ಎಬ್ಬಿಸಿ ನಿಲ್ಲಿಸಿದಾಗ ಮಗುವಿಗೆ ಮಾತೇ ಹೊರಡಲಿಲ್ಲವಂತೆ. ಆಮೇಲೆ ಎರಡು ತಿಂಗಳು ಅವಳು ನಮ್ಮನ್ನು ಏನೊಂದೂ ಕೇಳಲಿಲ್ಲ. ಕೆಂಪು ಗೆರೆಗಿಂತ ನಮಗೆ ನೋವಾದದ್ದು ಅದು.

ನಮ್ಮ ಕಾಲದಲ್ಲಿ ಮೇಷ್ಟರ ನೋಟ್ಸು ಉರು ಹೊಡೆದು ಒಪ್ಪಿಸಿದರೆ ಪಾಸು. ಇಲ್ಲಿ ಕೇಳುವುದು ಬೇರೆ: ನಿನ್ನದೊಂದು ಮಾತು ಹೇಳು, ಓದಿದ್ದರಿಂದ ಅದಕ್ಕೆ ಆಧಾರ ಕೊಡು. ಆ ಮಾತನ್ನು ನಾವು ಕೊಟ್ಟರೆ ಮಗುವಿಗೆ ಎರವಲು ಒಡವೆ ತೊಡಿಸಿದಂತೆ.

ಹಾಗಾದರೆ ನಮಗೆ ಕೆಲಸವೇ ಇಲ್ಲವೇ? ಇದೆ. ಯಾರ್ಕ್‌ಟೌನಿನಲ್ಲಿ ಶರಣಾಗಿ, ಕಾಯಿಲೆಯೆಂದು ಹೇಳಿ, ಕತ್ತಿ ಒಪ್ಪಿಸಲು ಇನ್ನೊಬ್ಬನನ್ನು ಕಳಿಸಿದ ಕಾರ್ನ್‌ವಾಲಿಸ್ ಅವಳ ಪುಸ್ತಕದಲ್ಲಿ ಅಲ್ಲಿಗೆ ಮುಗಿದ. ನಮಗೆ ಅವನು ಶುರುವಾಗುವುದೇ ಅಲ್ಲಿಂದ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ನೀರುಪಾಲಾದ 342 ಪೆಟ್ಟಿಗೆ ಚಹಾ ಸಹ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಇಷ್ಟೇ ಅಲ್ಲ, 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು 'ಹೈದರ್ ಅಲಿ'!

ಇದನ್ನೆಲ್ಲ ಹೇಳಿದ ರಾತ್ರಿ ಮಗಳು "ಇವನೇ ಅವನಾ?" ಎಂದು ಮೂರು ಸಲ ಕೇಳಿದಳು. ಮುಂದಿನ ಪ್ರಬಂಧ ಅವಳೇ ಬರೆದಳು. ನಾಲ್ಕು ಕಡೆ ಸ್ಪೆಲಿಂಗ್ ತಪ್ಪಿತ್ತು. ನಾವು ಮುಟ್ಟಲಿಲ್ಲ. (ಕೈ ತುರಿಸುತ್ತಿತ್ತು, ಸುಳ್ಳೇಕೆ?)

ಎಲ್ಲ ಪ್ರಶ್ನೆಗೂ ಹೀಗೆ ಮೈಸೂರಿನ ಎಳೆ ಸಿಗುವುದಿಲ್ಲ. ಎಲೆಕ್ಟೋರಲ್ ಕಾಲೇಜಿನ 538 ಮತಗಳಲ್ಲಿ 270 ಏಕೆ ಬೇಕು, ಹೆಚ್ಚು ಜನರ ಓಟು ಪಡೆದವರೂ 2000ದಲ್ಲಿ, 2016ರಲ್ಲಿ ಸೋತದ್ದು ಹೇಗೆ ಎಂದು ಮಗು ಕೇಳಿದರೆ "ನನಗೂ ಸರಿಯಾಗಿ ತಿಳಿಯದು, ಬಾ ನೋಡೋಣ" ಎನ್ನಲು ನಾಚಿಕೆಯೇಕೆ?

ನಮ್ಮ ಸಂಘದಲ್ಲಿ ಕಾಲೇಜು ಓದುತ್ತಿರುವ ಮಕ್ಕಳಿದ್ದಾರೆ. ಅವರು ಇಲ್ಲಿಯ ಶಾಲೆಗಳಲ್ಲೇ ಕಲಿತವರು. ಕನ್ನಡ ತರಗತಿ ಮುಗಿದ ಮೇಲೆ ಒಂದು ಗಂಟೆ ಅವರು ಕಿರಿಯರ ಜೊತೆ ಕುಳಿತರೆ ಹೇಗೆ? ಅಪ್ಪ ಅಮ್ಮಂದಿರೂ ಬರಬಹುದು, ಬರೆಯುವಂತಿಲ್ಲ. ಒಪ್ಪುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಮೊದಲ ತಿಂಗಳ ಕಾಫಿ, ಚಕ್ಕುಲಿ ನಮ್ಮ ಮನೆಯಿಂದ.